ಒಂದು ಆಟದ ನಿಯಮ ಬದಲಾದದ್ದು



"ಮಕ್ಕಳಿಗೆ ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಪ್ಪಾ" ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಸಂಬಳ, ಕಂಪನಿಗಳ ವಿಚಾರ ಬಿಟ್ಟು ಒಂದು ಕಂಪ್ಯೂಟರ್ ಆಟದ ಕಥೆ ಹೇಳುತ್ತೇನೆ. ನಾನು ಮಾಡಿದ ಆಟವಲ್ಲ, ಸ್ವೀಡನ್ ದೇಶದ ಪ್ಯಾರಡಾಕ್ಸ್ ಕಂಪನಿಯದು. ಆಡಿದವರಲ್ಲಿ ನಾನೂ ಒಬ್ಬ.

ಆಟದ ಹೆಸರು 'ಇಂಪರೇಟರ್: ರೋಮ್'. 2019ರ ಏಪ್ರಿಲ್‌ನಲ್ಲಿ ಬಂತು. ಕ್ರಿ.ಪೂ. 304ರಲ್ಲಿ ಆರಂಭ, ನಕ್ಷೆ ರೋಮಿನಿಂದ ಹಿಡಿದು ಚಂದ್ರಗುಪ್ತ ಮೌರ್ಯನ ರಾಜ್ಯದವರೆಗೂ ಇದೆ. ಹುಲಿ-ಕುರಿ ಆಟ ಬಲ್ಲ ಹಿರಿಯರಿಗೆ ಇದು ಅರ್ಥವಾಗುತ್ತದೆ: ಕೈಚುರುಕಿಗಿಂತ ಲೆಕ್ಕಾಚಾರ ಮುಖ್ಯ. ಇಲ್ಲಿ ಒಂದು ರಾಜ್ಯವನ್ನೇ ನಡೆಸಬೇಕು. ಪ್ರತಿ ಊರಿನ ಜನರ ಲೆಕ್ಕವೂ ಇದೆ. ನಾಗರಿಕರೆಷ್ಟು, ಗುಲಾಮರೆಷ್ಟು, ಯಾರ ಧರ್ಮ ಯಾವುದು, ಎಲ್ಲ.

ಜಗಳ ಹುಟ್ಟಿದ್ದು ಒಂದು ನಿಯಮದಿಂದ. ಆಳುವವನಿಗೆ ಸೈನ್ಯ, ಆಡಳಿತ, ವಾಗ್ಮಿತೆ, ಧರ್ಮ ಎಂದು 4 ಬಗೆಯ ಅಂಕಗಳು ತಿಂಗಳು ತಿಂಗಳೂ ಜಮೆಯಾಗುತ್ತಿದ್ದವು. ಅಂಕ ಖರ್ಚು ಮಾಡಿದರೆ ಕೆಲಸ ಆ ಕ್ಷಣವೇ ಮುಗಿಯುತ್ತಿತ್ತು. ಗೆದ್ದ ಊರಿನವರ ದೇವರು ಬೇರೆಯೇ? ಧರ್ಮದ ಅಂಕ ಕೊಟ್ಟು ಗುಂಡಿ ಒತ್ತಿದರೆ ಒಂದು ಗುಂಪು ಕೂತಲ್ಲೇ ಮತ ಬದಲಿಸುತ್ತಿತ್ತು! ಆಟಗಾರರು ಇದಕ್ಕೆ 'ಮಾನಾ' ಎಂದು ಹೆಸರಿಟ್ಟರು. ಮಾಯಾಜಾಲದ ಆಟಗಳಲ್ಲಿ ಮಂತ್ರಶಕ್ತಿಗೆ ಇರುವ ಹೆಸರು ಅದು. ಇದು ರಾಜ್ಯಭಾರವಲ್ಲ, ಮಾಟ ಎಂಬ ಕುಹಕ.

ಸ್ವಾರಸ್ಯವೆಂದರೆ, ಇದೇ ಕಂಪನಿಯ 2013ರ 'ಯೂರೋಪಾ ಯೂನಿವರ್ಸಾಲಿಸ್ 4' ಆಟದಲ್ಲೂ ಇಂಥವೇ 3 ಬಗೆಯ ಅಂಕಗಳಿದ್ದವು. ಗೊಣಗುತ್ತಲೇ ಜನ ವರ್ಷಗಟ್ಟಲೆ ಆಡಿದರು. ಇಲ್ಲಿ ಮಾತ್ರ ಯಾಕೆ ಸಹಿಸಲಿಲ್ಲ? ನನಗೆ ಕಾಣುವುದು ಹೀಗೆ. ಆ ಆಟ ಊರಿನ ಜನರನ್ನು ಹೀಗೆ ಗುಂಪುಗುಂಪಾಗಿ ಎಣಿಸಿ ತೋರಿಸಿರಲಿಲ್ಲ. ಇಲ್ಲಿ ಜನರನ್ನು ಕಣ್ಣೆದುರು ನಿಲ್ಲಿಸಿ, ಆಮೇಲೆ ಅವರಿಗೆ ಮನಸ್ಸೇ ಇಲ್ಲ ಎಂಬಂತೆ ನಡೆಸಿಕೊಂಡರು. ತೇರು ಹೋಗುವ ದಾರಿ ಬದಲಿಸುವುದಕ್ಕೇ ಎಷ್ಟು ಪಂಚಾಯಿತಿ ಸೇರಬೇಕು ಎಂದು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ.

ಅಂಕದ ದರವನ್ನು ಹೆಚ್ಚುಕಡಿಮೆ ಮಾಡಿ ಬಾಯಿ ಮುಚ್ಚಿಸಬಹುದಿತ್ತು. ನಮ್ಮ ಕಸುಬಿನಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ. ಬೈಗುಳ ಸೋಸಿ ನೋಡಿದರೆ, ಜನ ಕೇಳಿದ್ದು ಸುಲಭದ ಆಟವನ್ನಲ್ಲ, ನಂಬುವಂಥ ಆಟವನ್ನು. ಸೆಪ್ಟೆಂಬರ್‌ನಲ್ಲಿ, ಐದೇ ತಿಂಗಳಲ್ಲಿ, 'ಸಿಸೆರೊ' ಎಂಬ ಪರಿಷ್ಕರಣೆ ಪುಕ್ಕಟೆಯಾಗಿ ಬಂತು. ನಾಲ್ಕೂ ಅಂಕಗಳು ಹೋಗಿ, 'ರಾಜಕೀಯ ಪ್ರಭಾವ' ಎಂಬುದು ಬಂತು. ಜನ ಈಗ ನಿಧಾನವಾಗಿ, ತಾವಾಗಿ ಬದಲಾಗುತ್ತಿದ್ದರು. ಪ್ರಾಂತದ ಅಧಿಕಾರಿಯ ನೀತಿಯಿಂದ ಆ ವೇಗ ಹೆಚ್ಚಾಗಬಹುದು, ಅಷ್ಟೆ.

ಇದು ಎಷ್ಟು ಕಷ್ಟ ಎಂದು ಮಕ್ಕಳಿಗೆ ತಿಳಿಯಲಿ. ಮನೆಗೆ ಇನ್ನೊಂದು ಕೋಣೆ ಸೇರಿಸಬಹುದು. ಜನ ವಾಸವಿರುವಾಗಲೇ ನಡುಕಂಬ ಕಿತ್ತು ಬೇರೆ ನಿಲ್ಲಿಸುವುದು ಬೇರೆ ಮಾತು. ಹೊಸ ಆವಿಷ್ಕಾರ, ಶಕುನ ಎರಡರ ಬೆಲೆಯೂ ಆ ಅಂಕಗಳಲ್ಲೇ ಇತ್ತು. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು.

ಎಲ್ಲರೂ ಒಪ್ಪಿದರು ಎಂದಲ್ಲ. ಮೊದಲು ಕೈತುಂಬ ಕೆಲಸವಿತ್ತು, ಈಗ ಬರೀ ಕಾಯುವುದು ಎಂದವರಿದ್ದರು. ಅವರ ಮಾತೂ ಸುಳ್ಳಲ್ಲ.

2021ರ ಫೆಬ್ರವರಿಯಲ್ಲಿ ಇನ್ನೂ ದೊಡ್ಡ ಪರಿಷ್ಕರಣೆ ಬಂತು, ಮೆಚ್ಚುಗೆಯೂ ಸಿಕ್ಕಿತು. ಆದರೆ ಬಿಟ್ಟುಹೋದವರಲ್ಲಿ ಮರಳಿದವರು ಸಾಲದಾದರು. ಅದೇ ವರ್ಷ ಕಂಪನಿ ಆ ಆಟದ ಕೆಲಸ ನಿಲ್ಲಿಸಿತು. ಅದರ ಮುಖ್ಯಸ್ಥ ಯೋಹಾನ್ ಆಂಡರ್ಸನ್ ಮುಂದೆ 'ಯೂರೋಪಾ ಯೂನಿವರ್ಸಾಲಿಸ್ 5' ಮಾಡಿಸಿದರು. 2025ರ ನವೆಂಬರ್‌ನಲ್ಲಿ ಬಂದ ಆ ಆಟದಲ್ಲಿ ಊರೂರಿನ ಜನರ ಲೆಕ್ಕವಿದೆ. ಆ ಅಂಕಗಳು ಇಲ್ಲ.

ಈ ಆಟ ಆಡಿದವರು ಯಾರಾದರೂ ಇದ್ದರೆ ಊಟದ ಪಂಕ್ತಿಯಲ್ಲಿ ಸಿಗಿ, ಮಾತಾಡೋಣ.