ಅಚ್ಚಾದ ಕಾದಂಬರಿ ಗೆದ್ದಲ ಪಾಲಾಗಬಾರದು



ನಾವು ಸಾಲ ಮಾಡಿ ಕಾದಂಬರಿ ಅಚ್ಚು ಹಾಕಿಸ್ತೀವಿ. ಮಾರಲು ನಾಚಿ ಕಟ್ಟುಗಳನ್ನು ಮಂಚದ ಕೆಳಗೆ ತಳ್ತೀವಿ. ನಾಚಿಕೆ ಯಾಕೆ? ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರಿಗೆ ತೆರೆದ ಪಡಸಾಲೆಗಳು ನಮ್ಮವರಿಗೆ ತೆರೆದಿರಲಿಲ್ಲ, ನಿಜ. ಆದರೆ ನಮಗೆ ಹಾಸ್ಟೆಲುಗಳಿವೆ, ಕೇರಿಗಳಿವೆ, ಏಪ್ರಿಲ್ 14ರ ಸಭೆಗಳಿವೆ.

ನಮ್ಮ ಜನ ಪುಸ್ತಕ ಕೊಳ್ಳಲ್ಲ ಅನ್ನೋರು ನಾಗಪುರದ ದೀಕ್ಷಾಭೂಮಿಗೆ ಹೋಗಿ ನೋಡಲಿ. ಅಲ್ಲಿ ಪ್ರತಿ ವರ್ಷ ಕೂಲಿ ಮಾಡೋರೂ ಪುಸ್ತಕ ಕೊಂಡು ಊರಿಗೆ ಒಯ್ತಾರೆ.

ಸಭೆಯಲ್ಲಿ ಒಂದು ಅಧ್ಯಾಯ ಗಟ್ಟಿಯಾಗಿ ಓದೋಣ. ಮುಂದೇನು ಅನ್ನೋ ಕಡೆ ನಿಲ್ಲಿಸಿ ಬೆಲೆ ಹೇಳೋಣ. ಪುಕ್ಕಟೆ ಹಂಚೋದು ಬೇಡ. ನಾಲ್ವರು ಕೂಡಿ ಒಂದು ಪ್ರತಿ ಕೊಂಡರೂ ಸರಿ. ಕಾಸುಕಾಸಿಗೂ ಲೆಕ್ಕ ಇಡೋಣ. ಸಾಲ ತೀರಿ ಉಳಿದದ್ದರಲ್ಲಿ ಮುಂದಿನ ಗೆಳೆಯನ ಕಾದಂಬರಿ ಅಚ್ಚಾಗಬೇಕು.