ಓದುಗನ ಋಣ

(ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸ್ವಾಧ್ಯಾಯ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಲೆಕ್ಕಪರಿಶೋಧಕನನ್ನು ವೇದಿಕೆಗೆ ಕರೆದಿದ್ದೀರಿ. ಆದಕಾರಣ ಒಂದು ಸಾಲದ ವಿಷಯದಿಂದಲೇ ಆರಂಭಿಸುತ್ತೇನೆ. ಯಾವ ಖಾತೆಯಲ್ಲಿಯೂ ಬರೆದಿರದ, ಆದರೂ ನಮ್ಮಲ್ಲಿ ಬಹುಮಂದಿ ತೀರಿಸದೆ ಉಳಿಸಿಕೊಂಡಿರುವ ಸಾಲವದು. ಒಬ್ಬರು ಹಲವು ರಾತ್ರಿ ಕುಳಿತು ಒಂದು ಲೇಖನ ಬರೆಯುತ್ತಾರೆ. ನಾವು ಅದನ್ನು ಹತ್ತು ನಿಮಿಷದಲ್ಲಿ ಓದಿ, ಎದುರು ಸಿಕ್ಕಾಗ 'ಬಹಳ ಚೆನ್ನಾಗಿತ್ತು' ಎಂದು ಕೈಮುಗಿದು ಮುಂದೆ ಸಾಗುತ್ತೇವೆ. ಅವರ ವಾದದಲ್ಲಿ ಯಾವುದು ನಮಗೆ ಒಪ್ಪಿತವಾಯಿತು, ಯಾವುದು ಒಪ್ಪಿತವಾಗಲಿಲ್ಲ, ಏಕೆ ಎಂಬುದನ್ನು ಹೇಳುವುದಿಲ್ಲ. ಇನ್ನೊಬ್ಬರ ಬರಹವನ್ನು ಓದಿ, ಆಲೋಚಿಸಿ, ನಮ್ಮ ಅಭಿಪ್ರಾಯವನ್ನು ಬರೆದು ತಿಳಿಸುವುದು ಬರಿಯ ಸೌಜನ್ಯವಲ್ಲ, ಕರ್ತವ್ಯ. ಅದರ ಮೊದಲ ಲಾಭ ಬರೆದವರಿಗಿಂತ ಉತ್ತರಿಸಿದವರಿಗೇ ಸಲ್ಲುತ್ತದೆ. ಇಂದು ನಾನು ನಿವೇದಿಸಬೇಕೆಂದಿರುವುದು ಇಷ್ಟೇ.

ಮೊದಲಿಗೆ ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಗೆ ಬಸದಿಗಳ ಟ್ರಸ್ಟುಗಳು ಲೆಕ್ಕವನ್ನು ಹೇಗೆ ಇಡಬೇಕು ಎಂಬ ಲೇಖನ ಬರೆದೆ. ಹನ್ನೆರಡು ಮಂದಿ ಪ್ರಶಂಸಿಸಿದರು. ಹದಿಮೂರನೆಯದಾಗಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿಂದ ಒಂದು ಪತ್ರ ಬಂತು. ಅದರ ತಾತ್ಪರ್ಯವಿಷ್ಟು: 'ಭಕ್ತರು ಕೊಟ್ಟದ್ದೆಲ್ಲವೂ ಮೂಲನಿಧಿ ಎಂಬ ಅರ್ಥ ಬರುವಂತೆ ತಾವು ಬರೆದಿದ್ದೀರಿ. ಹುಂಡಿಗೆ ಬಿದ್ದ ಹತ್ತು ರೂಪಾಯಿಗೆ, ಇದು ಮೂಲನಿಧಿಗೇ ಸೇರಬೇಕು ಎಂಬ ದಾನಿಯ ಸೂಚನೆ ಎಲ್ಲಿದೆ?' ನಾನು ನಿರುತ್ತರನಾದೆ. ದಾನಿಯ ನಿರ್ದಿಷ್ಟ ನಿರ್ದೇಶವಿದ್ದರೆ ಮಾತ್ರ ದಾನವನ್ನು ಮೂಲನಿಧಿ ಎಂದು ಕಾಣಿಸಬಹುದು ಎಂಬುದು ಆದಾಯ ತೆರಿಗೆ ಕಾನೂನಿನ ಪ್ರಾಥಮಿಕ ಪಾಠ. ನನಗೆ ಅದು ತಿಳಿಯದ ವಿಷಯವೇನೂ ಆಗಿರಲಿಲ್ಲ; ಸರಳಗೊಳಿಸುವ ಭರದಲ್ಲಿ ತಪ್ಪಿದ್ದೆ. ಯಾವುದಾದರೊಂದು ಊರಿನ ಆಡಳಿತ ಮಂಡಳಿ ನನ್ನ ಮಾತನ್ನೇ ನಂಬಿ ಲೆಕ್ಕ ಬರೆದಿದ್ದರೆ ಅದರ ಹೊಣೆ ಯಾರದು? ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿದೆ. ಆ ಹನ್ನೆರಡು ಪ್ರಶಂಸೆಗಳು ನನಗೆ ಒಂದು ದಿನದ ಸಂತೋಷ ಕೊಟ್ಟವು. ಆ ಒಂದು ಪತ್ರ ನನ್ನನ್ನು ಹೆಚ್ಚು ಎಚ್ಚರದ ಬರಹಗಾರನನ್ನಾಗಿ ಮಾಡಿತು.

ಆ ಹಿರಿಯರಿಗಾದ ಲಾಭವೇನು ಎಂದು ನೀವು ಕೇಳಬಹುದು. ನಾನೂ ಅವರನ್ನು ಕೇಳಿದೆ. ಆ ಪತ್ರ ಬರೆಯುವ ಸಲುವಾಗಿ ತಮ್ಮ ಊರಿನ ಬಸದಿಯ ಲೆಕ್ಕಪತ್ರವನ್ನು ಮೊದಲ ಬಾರಿಗೆ ಪೂರ್ತಿ ಓದಿದೆನೆಂದು ಅವರು ಹೇಳಿದರು. ಸುಮ್ಮನೆ ಓದುವಾಗ ನಮ್ಮ ಕಣ್ಣು ಸಾಲುಗಳ ಮೇಲೆ ಜಾರುತ್ತದೆ. ಉತ್ತರ ಬರೆಯಬೇಕು ಎಂದು ಓದುವಾಗ ಪ್ರತಿ ವಾಕ್ಯವೂ ನಮ್ಮನ್ನು ತಡೆದು ನಿಲ್ಲಿಸಿ, 'ಇದಕ್ಕೆ ಆಧಾರವೇನು?' ಎಂದು ಕೇಳುವಂತೆ ಮಾಡುತ್ತದೆ.

ನನ್ನ ವೃತ್ತಿಯ ಸಾರವೂ ಇದೇ. ಒಂದು ಸಂಸ್ಥೆಯ ಲೆಕ್ಕಪತ್ರ ಅದರ ಆಡಳಿತ ಬರೆದ ಕೃತಿ. ನಮ್ಮ ವರದಿ ಆ ಕೃತಿಯ ಮೇಲಿನ ಟಿಪ್ಪಣಿ. ಆಕ್ಷೇಪವಿಲ್ಲದಿದ್ದರೆ ಇಲ್ಲವೆಂದು ಬರೆಯುತ್ತೇವೆ. ಒಂದು ಭಾಗಕ್ಕೆ ಮಾತ್ರ ಆಕ್ಷೇಪವಿದ್ದರೆ ಆ ಭಾಗವನ್ನು ಹೆಸರಿಸಿ, ಉಳಿದುದನ್ನು ಒಪ್ಪುತ್ತೇವೆ. ಒಟ್ಟು ಲೆಕ್ಕವೇ ದಾರಿತಪ್ಪಿದ್ದರೆ ಪ್ರತಿಕೂಲ ಅಭಿಪ್ರಾಯ ಕೊಡುತ್ತೇವೆ. ಸಾಕಷ್ಟು ಸಾಕ್ಷ್ಯ ದೊರೆಯದಿದ್ದರೆ ಅಭಿಪ್ರಾಯ ಕೊಡಲಾರೆವು ಎಂದು ಹೇಳುವುದಕ್ಕೂ ಅವಕಾಶವಿದೆ. ಆದರೆ ಒಂದು ನಿಯಮ ಕಡ್ಡಾಯ: ಆಕ್ಷೇಪ ಎತ್ತಿದವನು ಅದರ ಆಧಾರವನ್ನು ಪ್ರತ್ಯೇಕ ಪರಿಚ್ಛೇದದಲ್ಲಿ ಬರೆಯಬೇಕು. 'ನನಗೇಕೋ ಸರಿಕಾಣಲಿಲ್ಲ' ಎಂಬ ಮಾತಿಗೆ ನಮ್ಮಲ್ಲಿ ಸ್ಥಾನವಿಲ್ಲ. 2002ರಿಂದ ಈಚೆಗೆ ನಮ್ಮ ಸಂಸ್ಥೆಯಲ್ಲಿ ಒಬ್ಬ ಲೆಕ್ಕಪರಿಶೋಧಕನ ಕೆಲಸದ ರೀತಿಯನ್ನು ಮತ್ತೊಬ್ಬ ಲೆಕ್ಕಪರಿಶೋಧಕ ಪರಿಶೀಲಿಸುವ ವ್ಯವಸ್ಥೆಯೂ ಇದೆ. ಅಂತಹ ಪರಿಶೀಲನೆಗೆ ಹೋದಾಗಲೆಲ್ಲ ನಾನು ಕಲಿಸಿದ್ದಕ್ಕಿಂತ ಕಲಿತು ಬಂದದ್ದೇ ಹೆಚ್ಚು.

ಟಿಪ್ಪಣಿ ನಿಷ್ಠುರವಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ನಗರದವರಿಗೆ ನಾನು ಹೇಳಬೇಕಾಗಿಲ್ಲ. 2009ರ ಜನವರಿ 7ರಂದು ಸತ್ಯಂ ಸಂಸ್ಥೆಯ ಅಧ್ಯಕ್ಷರು ತಾವೇ ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಅದಕ್ಕೂ ಮುನ್ನ ವರ್ಷವರ್ಷವೂ ಆ ಲೆಕ್ಕಗಳಿಗೆ ಆಕ್ಷೇಪವಿಲ್ಲದ ವರದಿ ದೊರೆಯುತ್ತಲೇ ಇತ್ತು. ಪ್ರಶ್ನೆಯಿಲ್ಲದ ಮೆಚ್ಚುಗೆ ಬರೆದವನನ್ನೂ ಉಳಿಸುವುದಿಲ್ಲ, ನಂಬಿದವರನ್ನೂ ಉಳಿಸುವುದಿಲ್ಲ.

ಇನ್ನು ನಮ್ಮ ಪರಂಪರೆಯ ಕಡೆಗೆ ಬರೋಣ. ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿ ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಿದ ಕೂಡಲೆ ಬರುವ ಎರಡನೆಯ ಅಂಗವೇ ಪ್ರಶ್ನಿಸುವುದು. ಉಪದೇಶ ಕೊನೆಯದು. ನಾವು ಎರಡನೆಯದನ್ನು ಬಿಟ್ಟು ಐದನೆಯದಕ್ಕೆ ಹಾರುತ್ತಿದ್ದೇವೆ.

ಪೂರ್ವಾಚಾರ್ಯರು ಹಾಗೆ ಹಾರಲಿಲ್ಲ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮದ ಮೊದಲ ಐದು ಖಂಡಗಳ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯನ್ನೇ ನೋಡಿ. 816ರಲ್ಲಿ ಮುಗಿಯಿತೆಂದು ಹೇಳಲಾಗುವ ಆ ಕೃತಿಯ ಪ್ರಮಾಣ ಸುಮಾರು 72,000 ಶ್ಲೋಕಗಳಷ್ಟು. ಇನ್ನೊಬ್ಬರ ಗ್ರಂಥಕ್ಕೆ ಬರೆದ ಉತ್ತರವದು! ಹೆಜ್ಜೆಹೆಜ್ಜೆಗೂ ಶಂಕೆಯನ್ನು ತಾವೇ ಎತ್ತಿ ತಾವೇ ಸಮಾಧಾನ ಹೇಳುತ್ತಾರೆ. ದಕ್ಷಿಣದ ಸಂಪ್ರದಾಯ ಒಂದು, ಉತ್ತರದ ಸಂಪ್ರದಾಯ ಮತ್ತೊಂದು ಹೇಳುವ ಕಡೆಗಳಲ್ಲಿ ಎರಡನ್ನೂ ದಾಖಲಿಸುತ್ತಾರೆ. ನಿರ್ಣಯಕ್ಕೆ ಆಧಾರವಿಲ್ಲದಲ್ಲಿ ಬಲವಂತವಾಗಿ ಒಂದನ್ನು ಅಳಿಸಿಹಾಕುವುದಿಲ್ಲ. ಅನೇಕಾಂತವನ್ನು ಭಾಷಣಗಳಲ್ಲಿ ಕೊಂಡಾಡುವ ನಾವು ಅದರ ಪ್ರಯೋಗವನ್ನು ಇಲ್ಲಿ ಕಾಣಬಹುದು. ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದರು. ಜಿನಸೇನರು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಮುಗಿಸಿದರು. ಆ ಜಿನಸೇನರನ್ನು ಗೌರವಿಸಿದ ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇತ್ತು ಎಂಬುದನ್ನು ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ತಿಳಿಸಬೇಕು.

ಕುಂದಕುಂದರ ಪ್ರಾಕೃತ ಕೃತಿಗಳಿಗೂ ಹೀಗೆಯೇ ಆಯಿತು. ಅಮೃತಚಂದ್ರರು ಸಂಸ್ಕೃತದಲ್ಲಿ ವ್ಯಾಖ್ಯಾನಿಸಿದರು, ಆನಂತರ ಜಯಸೇನರು ವ್ಯಾಖ್ಯಾನಿಸಿದರು, ಅಧ್ಯಾತ್ಮಿ ಬಾಲಚಂದ್ರರು ಕನ್ನಡದಲ್ಲಿ ಟೀಕೆ ಬರೆದರು. 20ನೆಯ ಶತಮಾನದಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆಯವರು ಪ್ರವಚನಸಾರವನ್ನು ಸಂಪಾದಿಸಿ, 1935ರಲ್ಲಿ ದೀರ್ಘ ಪ್ರಸ್ತಾವನೆಯೊಡನೆ ಪ್ರಕಟಿಸಿ, ಈ ಟೀಕಾಕಾರರನ್ನೆಲ್ಲ ವಿವೇಚಿಸಿದರು. ಒಂದು ಗ್ರಂಥ ಬಾಳುವುದು ಓದುಗರು ಅದಕ್ಕೆ ಉತ್ತರಿಸುತ್ತ ಬಂದಾಗ.

ಉತ್ತರ ನಿಂತಾಗ ಏನಾಗುತ್ತದೆ ಎಂಬುದಕ್ಕೂ ಅದೇ ಧವಲಾ ಸಾಕ್ಷಿ. ಹಳಗನ್ನಡ ಲಿಪಿಯ ಅದರ ತಾಳೆಗರಿಗಳನ್ನು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಲಾಯಿತು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಬಂದ ಯಾತ್ರಿಕರಿಗೆ ಅದು ದರ್ಶನದ ವಸ್ತುವಾಗಿತ್ತೇ ಹೊರತು ಓದಿನ ವಸ್ತುವಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಹೊರಬಂತು. ಕೆಲವೇ ವರ್ಷಗಳಲ್ಲಿ, 1942ರ ನಾಲ್ಕನೆಯ ಸಂಪುಟದಲ್ಲಿ, ಲಖನೌದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಅವರು ಧವಲಾದ ಗಣಿತವನ್ನು ಕುರಿತು ಬರೆದರು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ, 32ಕ್ಕೆ ಐದು. ಇಂದಿನ ಶಾಲೆಯಲ್ಲಿ ಎರಡರ ಆಧಾರದ ಲಾಗರಿದಮ್ ಎಂದು ಕಲಿಸುವ ಕಲ್ಪನೆ ಇದು. ಶತಮಾನಗಳ ಪೂಜೆ ಹೊರತರದ ವಿಷಯವನ್ನು ಒಬ್ಬ ಓದುಗನ ಟಿಪ್ಪಣಿ ಹೊರತಂದಿತು.

ಈಗ ಮನಸ್ಸಿಗೆ ನೋವಾಗುವ ಒಂದು ಪ್ರಸಂಗ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ಹೇಳಿತು. ಅದು ಧರ್ಮದ ಅವಶ್ಯ ಆಚರಣೆ ಎಂಬುದಕ್ಕೆ ಗ್ರಂಥಗಳಲ್ಲಿ ಆಧಾರ ಕಾಣುವುದಿಲ್ಲವೆಂದಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ನಡುವಣ ಮೂರು ವಾರ ನಾವು ಬೀದಿಗಿಳಿದೆವು, ಘೋಷಣೆ ಕೂಗಿದೆವು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಅರ್ಜಿ ಸಲ್ಲಿಕೆಯಾದದ್ದು 2006ರಲ್ಲಿ. ಒಂಬತ್ತು ವರ್ಷ ಅದು ನ್ಯಾಯಾಲಯದಲ್ಲಿತ್ತು. ಆ ಅವಧಿಯಲ್ಲಿ ಅರ್ಜಿಯ ವಾದವನ್ನು ಓದಿ, ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನೂ ಶ್ರವಣಬೆಳಗೊಳದ ಶಾಸನಗಳನ್ನೂ ಮುಂದಿಟ್ಟುಕೊಂಡು ಒಂದು ಪುಟದ ಸಾವಧಾನ ಉತ್ತರವನ್ನು ನಮ್ಮಲ್ಲಿ ಎಷ್ಟು ಮಂದಿ ಬರೆದೆವು? ನಾನು ಬರೆಯಲಿಲ್ಲ. ಶ್ರವಣಬೆಳಗೊಳದ ಆ ಪರಂಪರೆಯನ್ನು ಕುರಿತು ಷ. ಶೆಟ್ಟರ್ ಅವರು 1980ರ ದಶಕದಲ್ಲಿಯೇ ಗ್ರಂಥ ಬರೆದಿದ್ದರು. ಅದನ್ನೂ ನಾನು ತೆರೆದು ನೋಡಿದ್ದು ತೀರ್ಪು ಬಂದ ಮೇಲೆ. ವೃದ್ಧರ ಮೇಲೆ ಕುಟುಂಬದ ಒತ್ತಡ ಇರಲಾರದೆ ಎಂಬ ಪ್ರಶ್ನೆಯೂ ಆ ಚರ್ಚೆಯಲ್ಲಿ ಎದ್ದಿತು. ಅದನ್ನು ಕೇಳಿದವರೆಲ್ಲರೂ ಶತ್ರುಗಳಲ್ಲ. ಅದು ಉತ್ತರಕ್ಕೆ ಅರ್ಹವಾದ ಪ್ರಶ್ನೆ. ಘೋಷಣೆ ಅದಕ್ಕೆ ಉತ್ತರವಲ್ಲ. ತಮ್ಮವರ ಬರಹಕ್ಕೆ ಉತ್ತರಿಸಿ ಅಭ್ಯಾಸವಿಲ್ಲದ ಸಮಾಜಕ್ಕೆ ಹೊರಗಿನವರ ಪ್ರಶ್ನೆಗೆ ಉತ್ತರಿಸುವ ಶಕ್ತಿ ಒಮ್ಮೆಗೇ ಬರಲಾರದು.

ಹಾಗಾದರೆ ಹೇಗೆ ಬರೆಯಬೇಕು? ವೃತ್ತಿಯಿಂದ ಕಲಿತ ಕೆಲವು ಮಾತುಗಳನ್ನು ಹೇಳುತ್ತೇನೆ. ಮೊದಲು ಪೂರ್ತಿ ಓದಬೇಕು. ಶೀರ್ಷಿಕೆಯನ್ನು ನೋಡಿ ಸಿಟ್ಟಾಗಬಾರದು. ಬರೆದವರ ವಾದವನ್ನು ಅವರೇ ಒಪ್ಪುವಂತೆ ಎರಡು ವಾಕ್ಯಗಳಲ್ಲಿ ಹೇಳಿ, ಅನಂತರವೇ ಆಕ್ಷೇಪಕ್ಕೆ ತೊಡಗಬೇಕು. ಸಣ್ಣ ತಪ್ಪನ್ನೂ ದೊಡ್ಡ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು; ಕಾಗುಣಿತ ದೋಷಕ್ಕೆ ಪ್ರತಿಕೂಲ ಅಭಿಪ್ರಾಯ ಬೇಡ. ಆಕ್ಷೇಪದೊಡನೆ ಆಧಾರ ಇರಲೇಬೇಕು, ಮೆಚ್ಚುಗೆಯೊಡನೆಯೂ ಇರಬೇಕು. ಯಾವ ಮಾತು ಏಕೆ ಹಿಡಿಸಿತು ಎಂದು ತಿಳಿದರೆ ಮಾತ್ರ ಬರೆದವರು ಮುಂದಿನ ಹೆಜ್ಜೆ ಇಡಬಲ್ಲರು. ಮತ್ತು ಬರೆದವರ ಮನೆತನ, ಊರು, ಪಕ್ಷಗಳ ವಿಷಯ ಟಿಪ್ಪಣಿಯಲ್ಲಿ ಬರಕೂಡದು. ರಾಜಕೀಯದ ಲೇಖನಗಳಿಗೆ ಉತ್ತರಿಸುವಾಗ ಈ ಕೊನೆಯ ಮಾತನ್ನು ಎರಡು ಬಾರಿ ನೆನೆಯಬೇಕು.

ನಮ್ಮ ಬಂಧುವರ್ಗದ ಒಬ್ಬ ತಾಯಿ ತಮ್ಮ ಅತ್ತೆಯವರ ವ್ರತಜೀವನವನ್ನು ಕುರಿತು ನಲವತ್ತು ಪುಟ ಬರೆದು ಮನೆಯವರಿಗೆಲ್ಲ ಕೊಟ್ಟರು. ಎಲ್ಲರೂ ಕಣ್ಣಿಗೊತ್ತಿಕೊಂಡರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡನೆಯ ಭಾಗ ಎಲ್ಲಿ ಎಂದು ಮೂರು ವರ್ಷಗಳ ಮೇಲೆ ನಾನು ಕೇಳಿದಾಗ, 'ಮೊದಲನೆಯದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯಲಿಲ್ಲವಪ್ಪ' ಎಂದರು. ನಾನು ಓದಿದ್ದೆ. ಹೇಳಿರಲಿಲ್ಲ. ಆ ಸಾಲವನ್ನು ತೀರಿಸಲು ಅಂದು ರಾತ್ರಿಯೇ ಕುಳಿತು ನಾಲ್ಕು ಪುಟ ಬರೆದೆ. ಅದರಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಈಗ ಅವರು ಎರಡನೆಯ ಭಾಗ ಬರೆಯುತ್ತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಈ ತಿಂಗಳು ನೀವು ಓದುವ ಬರಹಗಳಲ್ಲಿ ಒಂದಕ್ಕೆ, ಒಂದಕ್ಕೆ ಮಾತ್ರ, ಒಂದು ಪುಟದ ಉತ್ತರ ಬರೆಯಿರಿ. ಈ ಭಾಷಣದಿಂದಲೇ ಆರಂಭಿಸಿದರೂ ಆಗಬಹುದು. ಇದರಲ್ಲಿ ತಪ್ಪು ಕಂಡರೆ ಆಧಾರ ಸಹಿತ ತಿಳಿಸಿರಿ, ತಿದ್ದಿಕೊಳ್ಳುತ್ತೇನೆ.

ಜೈ ಜಿನೇಂದ್ರ.