ಮೂಲ್ಕಿಯ ಹುಡುಗ, ರೈಲ್ವೆಯ ಸಂಬಳ



ರಾಜ್ಯೋತ್ಸವದ ವೇದಿಕೆಯಲ್ಲಿ ಕ್ರಿಕೆಟ್ಟಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಿಯಾರು. ನಾನು ಹೇಳಹೊರಟಿರುವುದು ಆಟಕ್ಕಿಂತ ಹೆಚ್ಚಾಗಿ ನೌಕರಿಯ ವಿಷಯ. ದೆಹಲಿಯ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನಾವುದಿದೆ?

ಬುಧಿ ಕುಂದರನ್ ಹುಟ್ಟಿದ್ದು 1939ರಲ್ಲಿ, ಮೂಲ್ಕಿಯಲ್ಲಿ. ಆಗ ಅದು ಮದರಾಸು ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಬಂತು. ಹುಡುಗ ಮಾತ್ರ ಮುಂಬಯಿಯಲ್ಲಿ ಬೆಳೆಯುತ್ತಿದ್ದ. ತಂದೆಗೆ ಕ್ರಿಕೆಟ್ ಸೇರದು. ತಾಯಿ ಗಂಡನ ಬಟ್ಟೆಯನ್ನೇ ಕತ್ತರಿಸಿ ಹೊಲಿದು ಮಗನಿಗೆ ಆಟದ ಉಡುಪು ಮಾಡಿಕೊಟ್ಟರಂತೆ. 1960ರ ಜನವರಿ 1ರಂದು ಆಸ್ಟ್ರೇಲಿಯಾದ ಎದುರು ಮುಂಬಯಿಯಲ್ಲಿ ವಿಕೆಟ್ ಹಿಂದೆ ನಿಂತಾಗ ಅವರು ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಗ್ಲೌಸುಗಳು ಕೂಡ ನರೇನ್ ತಾಮ್ಹಣೆಯವರಿಂದ ಎರವಲು ತಂದವು. ಅದೇ ತಿಂಗಳು ಮದರಾಸಿನಲ್ಲಿ ಭಾರತ ತಂಡ 149ಕ್ಕೆ ಕುಸಿದಾಗ ಅದರಲ್ಲಿ 71 ಇವರದೇ.

ಆ ಕಾಲದಲ್ಲಿ ಟೆಸ್ಟ್ ಆಡಿದವರಿಗೂ ಹೊಟ್ಟೆಪಾಡಿಗೆ ಬೇರೆ ದಾರಿ ಬೇಕಿತ್ತು. ಮಹಾರಾಜರ ಆಶ್ರಯದ ದಿನಗಳು ಮುಗಿದಿದ್ದವು. ಕುಂದರನ್ನರಿಗೆ ರೈಲ್ವೆ ಕೆಲಸ ಕೊಟ್ಟಿತು. 1958-59ರಲ್ಲಿ ರಣಜಿಗಿಳಿದ ರೈಲ್ವೆ ತಂಡದಲ್ಲಿ ನೌಕರರಿಗೆ ಮಾತ್ರ ಸ್ಥಾನ. ಅವರು ಮೊದಲ ರಣಜಿ ಪಂದ್ಯದಲ್ಲೇ ಜಮ್ಮು-ಕಾಶ್ಮೀರದ ಎದುರು 205 ಹೊಡೆದರು. ಸರ್ಕಾರಿ ಕೆಲಸ ಮನುಷ್ಯನನ್ನು ಮಂಕು ಮಾಡುತ್ತದೆಂದು ಊಟದ ಡಬ್ಬಿ ಬಿಚ್ಚುತ್ತ ಗೊಣಗುವವರು ನಮ್ಮಲ್ಲೇ ಇದ್ದಾರೆ. ಈ ಮನುಷ್ಯನಿಗಂತೂ ಅದು ಬ್ಯಾಟು ಹಿಡಿದು ಬದುಕುವ ಅವಕಾಶವನ್ನೇ ಕೊಟ್ಟಿತು.

ಅದಕ್ಕೆ ತೆತ್ತ ಬೆಲೆಯೂ ಉಂಟು. 1964ರ ಜನವರಿಯಲ್ಲಿ ಇಂಗ್ಲೆಂಡಿನ ಎದುರು ಮದರಾಸಿನಲ್ಲಿ 192, ಫೆಬ್ರವರಿಯಲ್ಲಿ ಇಲ್ಲೇ ನಮ್ಮ ಕೋಟ್ಲಾ ಮೈದಾನದಲ್ಲಿ 100, ಆ ಸರಣಿಯಲ್ಲಿ ಒಟ್ಟು 525 ರನ್ನು. ಅಷ್ಟನ್ನೂ ಹೊಡೆದವರು ರೈಲ್ವೆಯ ಕುಂದರನ್. ಮೈಸೂರಿನ ಕುಂದರನ್ ಎನ್ನುವ ಹಾಗಿರಲಿಲ್ಲ. ನಮ್ಮ ಮಕ್ಕಳೂ ಹಾಗೆಯೇ, ಎಲ್ಲಿಯವರೆಂದು ಕೇಳಿದರೆ ಕೆಲವೊಮ್ಮೆ ಊರನ್ನು ಬಿಟ್ಟು ಅಪ್ಪನ ಇಲಾಖೆಯ ಹೆಸರು ಹೇಳುತ್ತಾರೆ!

ಆಮೇಲೆ ಅವರು ಮೈಸೂರು ತಂಡಕ್ಕೆ ಬಂದರು. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಾಲ್ವರು ಸ್ಪಿನ್ನರುಗಳಿದ್ದ ಭಾರತ ತಂಡಕ್ಕೆ ಹೊಸ ಚೆಂಡು ಎಸೆಯುವವರೇ ಇರಲಿಲ್ಲ. ಮೈಸೂರಿನವರೇ ಆದ ಸುಬ್ರಹ್ಮಣ್ಯರ ಜೊತೆ ಚೆಂಡು ಹಿಡಿದವರು ಈ ವಿಕೆಟ್ ಕೀಪರು! ಅದೇ ಅವರ ಹದಿನೆಂಟನೆಯ, ಕೊನೆಯ ಟೆಸ್ಟು. ಫಾರೂಖ್ ಇಂಜಿನಿಯರ್ ಎದುರು ಕೀಪರ್ ಸ್ಥಾನಕ್ಕೆ ಸದಾ ಪೈಪೋಟಿ ಇದ್ದೇ ಇತ್ತು.

ಬಳಿಕ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಡ್ರಂಪೆಲ್ಲಿಯರ್ ಕ್ಲಬ್ಬಿಗೂ ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು. 2006ರ ಜೂನಿನಲ್ಲಿ ಗ್ಲಾಸ್ಗೋ ನಗರದಲ್ಲಿ ತೀರಿಕೊಂಡರು.